ಸ್ಟುಟ್‌ಗಾರ್ಟಿಗೆ ಬರುವ ತಮ್ಮನಿಗೆ, ಶನಿವಾರ-ಭಾನುವಾರಗಳ ಬಗ್ಗೆ

ತಮ್ಮಾ, ಅಕ್ಟೋಬರಿನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿಗೆ ಓದಲು ಬರುತ್ತಿದ್ದೀಯಂತೆ, ಸಂತೋಷ. ಹೊಸನಗರದ ಹುಡುಗ ಎಂದು ತಿಳಿದು ಇನ್ನೂ ಖುಷಿಯಾಯಿತು. ನಾನು ಸಾಗರದ ಕಡೆಯವನು. ನೀನು ಕೇಳಿದ್ದು ಇಷ್ಟು: ಬೆಂಗಳೂರಿನಲ್ಲಿ ಶನಿವಾರ ಬಂತೆಂದರೆ ಗೆಳೆಯರು, ಒಂದು ಸಿನಿಮಾ, ಆಮೇಲೆ ರಾತ್ರಿಯವರೆಗೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಎಸೆದು ಕತೆ ನಡೆಸುವ ಆಟ), ಭಾನುವಾರ ಪುಸ್ತಕ. ಅಲ್ಲಿ ಇದೆಲ್ಲ ಸಿಗುತ್ತದಾ, ಭಾನುವಾರ ಊರಿಗೆ ಊರೇ ಮಲಗಿರುತ್ತದಂತೆ ಹೌದಾ, ಖರ್ಚು ಎಷ್ಟು?

ಖರ್ಚಿನ ವಿಷಯ ಬಂದ ಮೇಲೆ ನೋಡಿಕೊಳ್ಳಬಹುದು, ವಿದ್ಯಾರ್ಥಿ ಕಾರ್ಡು ಸದಾ ಜೇಬಿನಲ್ಲಿರಲಿ. ಭಾನುವಾರ ಅಂಗಡಿ ಮುಚ್ಚಿರುವುದು ನಿಜ. ಭಾನುವಾರ ವಿಶ್ರಾಂತಿಯ ದಿನ ಎಂದು ೧೯೧೯ರ ವೈಮಾರ್ ಸಂವಿಧಾನದಲ್ಲಿ ಬರೆದದ್ದನ್ನು ಈಗಿನ ಸಂವಿಧಾನವೂ ಹಾಗೇ ಉಳಿಸಿಕೊಂಡಿದೆ. ಹಾಲು, ತರಕಾರಿ ಶನಿವಾರವೇ ತಂದಿಟ್ಟುಕೋ. ಭಾನುವಾರ ಗೋಡೆಗೆ ಮೊಳೆ ಹೊಡೆಯಬೇಡ, ಖಾಲಿ ಬಾಟಲಿಗಳನ್ನು ಬೀದಿಯ ಡಬ್ಬಕ್ಕೆ ಹಾಕಲು ಹೋಗಬೇಡ. ನಿನ್ನ ಬಾಗಿಲಿಗೆ ‘ಕೇರ್‌ವೋಖೆ’ ಎಂಬ ಫಲಕ ನೇತಾಡುತ್ತಿದ್ದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿನ್ನದು. ಅದನ್ನು ಮಾತ್ರ ತಪ್ಪಿಸಬೇಡ. ನೆರೆಮನೆಯವರು ನಿನ್ನನ್ನು ಮೊದಲು ನೋಡುವುದು ಆ ಕೆಲಸದಲ್ಲೇ.

ಸಿನಿಮಾಗಳು ಹೆಚ್ಚಾಗಿ ಜರ್ಮನ್‌ಗೆ ಡಬ್ ಆಗಿರುತ್ತವೆ. ಟಿಕೆಟಿನಲ್ಲಿ ‘ಓವಿ’ ಎಂದಿದ್ದರೆ ಮೂಲ ಭಾಷೆ, ‘ಓಎಂಯು’ ಎಂದಿದ್ದರೆ ಮೂಲ ಭಾಷೆಯ ಜೊತೆ ಜರ್ಮನ್ ಸಬ್‌ಟೈಟಲ್. ೨೦೦೪ರಲ್ಲಿ ಇಲ್ಲಿ ಜುಲೈ ತಿಂಗಳ ಭಾರತೀಯ ಚಿತ್ರೋತ್ಸವವೂ ಶುರುವಾಯಿತು, ಈ ವರ್ಷ ಇದೆಯೇ ಎಂದು ಬಂದ ಮೇಲೆ ವಿಚಾರಿಸಿಕೋ. ಕನ್ನಡ ಚಿತ್ರ ಬಂದರೆ ಒಂದೋ ಎರಡೋ ಆಟ, ಸುದ್ದಿ ಬರುವುದು ಇಲ್ಲಿನ ಕನ್ನಡದವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಬಂದಿಳಿದ ವಾರವೇ ಸೇರಿಕೋ.

ಪುಸ್ತಕಕ್ಕೆ ನೀನು ಅದೃಷ್ಟವಂತ. ಮೈಲಾಂಡರ್ ಪ್ಲಾಟ್ಸ್‌ನಲ್ಲಿರುವ ನಗರ ಗ್ರಂಥಾಲಯ ಶನಿವಾರ ತೆರೆದಿರುತ್ತದೆ. ಅದು ಬಾಗಿಲು ತೆರೆದದ್ದು ೨೦೧೧ರ ಅಕ್ಟೋಬರಿನಲ್ಲಿ, ನಾನು ಈ ಊರಿಗೆ ಬಂದದ್ದೂ ಆ ವರ್ಷದ ಚಳಿ ಶುರುವಾಗುವಾಗಲೇ. ಹೊರಗೆ ಕತ್ತಲೆ, ಒಳಗೆ ನೆಲದಿಂದ ಚಾವಣಿಯವರೆಗೆ ಬಿಳಿ ಬೆಳಕು. ಮೊದಲ ಚಳಿಗಾಲ ನಾನು ಬದುಕಿದ್ದೇ ಅಲ್ಲಿ. ಇನ್ನೊಂದು ಶನಿವಾರ ಟ್ಯೂಬಿಂಗನ್‌ಗೆ ಹೋಗಿ ಬಾ, ರೈಲಿನಲ್ಲಿ ಸುಮಾರು ಒಂದು ಗಂಟೆ. ೧೮೯೪ರಲ್ಲಿ ನಮ್ಮ ನಿಘಂಟನ್ನು ಕೊಟ್ಟ ಕಿಟೆಲ್ ೧೯೦೩ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ನನಗಂತೂ ಅಲ್ಲಿ ನಡೆದಾಡುವಾಗ ಪರಸ್ಥಳ ಅನ್ನಿಸುವುದೇ ಇಲ್ಲ.

ಗೆಳೆಯರು, ಆಟ ಎಂದು ನೀನು ಎರಡಾಗಿ ಬರೆದಿದ್ದೀಯ. ಇಲ್ಲಿ ನನಗೆ ಅವೆರಡೂ ಒಂದೇ ಆದವು. ಊರಿನಲ್ಲಿ ಗೆಳೆಯರು ಬಾಗಿಲು ತಳ್ಳಿಕೊಂಡು ಬರುತ್ತಾರೆ. ಇಲ್ಲಿ ಕರೆಗಂಟೆ ತಾನಾಗಿ ಬಾರಿಸುವುದಿಲ್ಲ. ಎರಡು-ಮೂರು ವಾರ ಮೊದಲೇ ದಿನ ಗೊತ್ತುಮಾಡಬೇಕು, ಆ ದಿನ ಹೋಗಲೇಬೇಕು. ಕೆಲಸದ ಜಾಗದವರೊಬ್ಬರು ‘ಶನಿವಾರ ಆಟಕ್ಕೆ ಬಾ’ ಎಂದು ಕರೆದಾಗ ನನ್ನ ಜರ್ಮನ್ ಅಂಗಡಿಯಲ್ಲಿ ಬೆಲೆ ಕೇಳುವಷ್ಟಿತ್ತು. ಆಟ ನಿನ್ನದರ ಬಗೆಯದೇ, ಆದರೆ ಇಲ್ಲಿನವರದು, ‘ದಾಸ್ ಶ್ವಾರ್ಟ್ಸೆ ಔಗೆ’, ೧೯೮೪ರಿಂದ ಇರುವಂಥದು. ನಿನ್ನ ಆಟದಲ್ಲಿ ಇಪ್ಪತ್ತು ಮುಖದ ದಾಳಕ್ಕೆ ದೊಡ್ಡ ಅಂಕ ಬಿದ್ದರೆ ಗೆಲುವು, ಇದರಲ್ಲಿ ಚಿಕ್ಕ ಅಂಕ ಬೀಳಬೇಕು; ಅದೂ ಒಂದು ಕೆಲಸಕ್ಕೆ ಮೂರು ಎಸೆತ. ಆಟ ನಡೆಸುವಾಕೆ ನನ್ನನ್ನು ಒಂದು ಕ್ಷಣ ನೋಡಿ, ದೂರದ ದೇಶದಿಂದ ಬಂದ ಕೂಲಿ ಸೈನಿಕನ ಪಾತ್ರ ಕೊಟ್ಟರು. ಅವನಿಗೆ ಆ ಸೀಮೆಯ ಮಾತು ಅರ್ಧಂಬರ್ಧ ಬರುತ್ತದೆ ಎಂದು ಹಾಳೆಯ ಮೇಲೆ ಬರೆದೇಬಿಟ್ಟರು. ಅಲ್ಲಿಂದ ನನ್ನ ತೊದಲು ತಪ್ಪಾಗಿ ಉಳಿಯಲಿಲ್ಲ, ಪಾತ್ರದ ಲಕ್ಷಣವಾಯಿತು. ಕಚೇರಿಯಲ್ಲಿ ಬಾಯಿ ಬಿಡದವನು ಆ ಮೇಜಿನ ಮುಂದೆ ಸೇತುವೆ ಕಾಯುವವನ ಜೊತೆ ಸುಂಕಕ್ಕಾಗಿ ಜಗಳವಾಡಿದೆ. ನನಗೆ ಜರ್ಮನ್ ಬಂದದ್ದು ಹೀಗೆ. ಅವತ್ತು ಮೇಜಿನ ಸುತ್ತ ಇದ್ದವರೇ ಇವತ್ತು ನನ್ನ ಮನೆಯ ಕಷ್ಟಸುಖಕ್ಕೆ ಬರುವವರು.

ನಮ್ಮ ಕಡೆಯ ಹುಡುಗನಿಗೆ ಇದು ಹೊಸದಾಗಿ ಕಾಣಬಾರದು. ವೇಷವಿಲ್ಲ, ರಂಗವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡುವುದು, ಎದುರಿನವನ ಮಾತಿಗೆ ಅಲ್ಲೇ ಹುಟ್ಟುವ ಉತ್ತರ: ತಾಳಮದ್ದಲೆ ಅಲ್ಲದೆ ಇನ್ನೇನು? ಪ್ರಸಂಗದಲ್ಲಿ ವಾಲಿ ಸಾಯಲೇಬೇಕು, ಇಲ್ಲಿ ಯಾರು ಉಳಿಯುತ್ತಾರೆಂಬುದು ದಾಳಕ್ಕೆ ಬಿಟ್ಟದ್ದು, ವ್ಯತ್ಯಾಸ ಅಷ್ಟೇ. ನಮ್ಮಪ್ಪ ಮಳೆಗಾಲದಲ್ಲಿ ತಾಳಮದ್ದಲೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಿದ್ದರು. ತೋಟದ ಕೆಲಸ ಮುಗಿಸಿ, ಯಾರದೋ ಮನೆಯ ಜಗಲಿಯಲ್ಲಿ, ಭಾಗವತರು ಪದ ಮುಗಿಸಿದ ಕೂಡಲೇ ಅವರ ದನಿಯೇ ಬೇರೆಯಾಗುತ್ತಿತ್ತು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದವನು, ಎದುರು ಕೂತವನಲ್ಲ. ಸಭೆಯಲ್ಲಿ ಮಾತು ಹೊರಡುತ್ತಿರಲಿಲ್ಲ. ಇಲ್ಲಿ, ಪರಭಾಷೆಯಲ್ಲಿ, ಪಾತ್ರವಾಗಿ ಬಾಯಿ ಬಿಡುವುದು ಕಲಿಯುವ ಹೊತ್ತಿಗೆ ಅಲ್ಲಿ ಅಪ್ಪ ಇರಲಿಲ್ಲ. ನನ್ನ ಸೈನಿಕ ಒಬ್ಬ ರಾಜನನ್ನು ಮಾತಿನಲ್ಲೇ ಕಟ್ಟಿಹಾಕಿದ ರಾತ್ರಿ ಮೇಜು ಕುಟ್ಟಿ ಮೆಚ್ಚಿದರು. ಅಪ್ಪನ ಕೌರವನೆದುರು ಒಂದೇ ಒಂದು ಪದಕ್ಕೆ ಅರ್ಥ ಹೇಳಿದ್ದರೆ ಎಂದು ಅವತ್ತು ಅನ್ನಿಸಿದ್ದು ಇವತ್ತಿಗೂ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ, ವಾರದ ಎರಡೂ ದಿನವನ್ನು ಇಲ್ಲಿಗೇ ಕೊಟ್ಟುಬಿಡಬೇಡ. ಊರಿಗೂ ಇಲ್ಲಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ಇಲ್ಲಿ ಆಟ ಮುಗಿಯುವಾಗ ಅಲ್ಲಿ ನಡುರಾತ್ರಿ ಕಳೆದಿರುತ್ತದೆ. ಭಾನುವಾರ ಬೆಳಿಗ್ಗೆ ಎದ್ದವನೇ ಮನೆಗೆ ಫೋನ್ ಮಾಡು. ಬರೀ ಊಟ ಆಯ್ತಾ ಎಂದು ಕೇಳಿ ಇಡಬೇಡ, ಅವರಿಂದ ಕತೆ ಹೇಳಿಸು. ಹಾಗೆಯೇ ಪ್ರತಿ ಶನಿವಾರ ಕನ್ನಡದವರ ಮನೆಯಲ್ಲೇ ಕಳೆಯಬೇಡ. ನಮ್ಮಲ್ಲಿ ಊಟ, ಪ್ರೀತಿ ಎರಡೂ ಇದೆ, ಆದರೆ ಹತ್ತು ವರ್ಷ ಇದ್ದೂ ಈ ಊರಿನ ಒಬ್ಬರ ಮನೆಯೊಳಗೂ ಕಾಲಿಡದವರು ನಮ್ಮಲ್ಲಿ ಇದ್ದಾರೆ.

ನಮ್ಮ ಮೇಜು ಎರಡು ವಾರಕ್ಕೊಮ್ಮೆ ಶನಿವಾರ ಸಂಜೆ ಕೂರುತ್ತದೆ. ಬರುವುದಾದರೆ ಗುರುವಾರದೊಳಗೆ ತಿಳಿಸು. ‘ನೋಡೋಣ’ ಎಂದು ಹೇಳಬೇಡ, ನಿನಗಾಗಿ ಕುರ್ಚಿ ಹಾಕಿ ಕಾಯುತ್ತಾರೆ. ಮೊದಲ ಸಲ ಸುಮ್ಮನೆ ನೋಡುತ್ತಾ ಕೂತರೂ ಯಾರೂ ಏನೂ ಅನ್ನುವುದಿಲ್ಲ. ಎರಡನೆಯ ಸಲ ಮಾತಾಡಬೇಕು.