ಅಂಗಡಿಯಲ್ಲಿ ‘ನೀವು’, ಮನಸ್ಸಿನೊಳಗೆ ‘ನೀನು’

ನೀವು ಕೇಳಿದ ಪ್ರಶ್ನೆ ಇದು: “ನೆಟ್‌ಫ್ಲಿಕ್ಸ್‌ನಲ್ಲಿ ‘ಯೂ’ ಸೀರೀಸ್‌ನ ಮೊದಲ ಎಪಿಸೋಡ್ ನೋಡಿದೆ. ಜೋ ಮಾಡುವುದೆಲ್ಲ ತಪ್ಪು ಅಂತ ಗೊತ್ತಿದ್ದೂ ಅವನು ಸಿಕ್ಕಿಬೀಳಬಾರದು ಅಂತ ಅನ್ನಿಸ್ತಾ ಇತ್ತು. ಪಕ್ಕದಲ್ಲಿ ಕೂತಿದ್ದ ಗೆಳತಿ ‘ನನಗೂ ಇಂಥವನೊಬ್ಬ ಸಿಗಬೇಕಿತ್ತು’ ಅಂದಳು. ಹೀಗೆ ಅನ್ನಿಸುವುದು ಸರಿಯಾ? ಮುಂದೆ ನೋಡಬಹುದಾ?”

ನೋಡಿ. ಖಂಡಿತ ನೋಡಿ. ನಿಮಗೆ ಹಾಗೆ ಅನ್ನಿಸಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆ ಎಪಿಸೋಡ್ ಕಟ್ಟಿರುವುದೇ ಹಾಗೆ. (ನೋಡದವರಿಗೆ: ಜೋ ಪುಸ್ತಕದಂಗಡಿಯವನು. ಅಂಗಡಿಗೆ ಬಂದ ಬೆಕ್ ಅನ್ನುವ ಹುಡುಗಿಯ ಹಿಂದೆ ಬೀಳುತ್ತಾನೆ. ಕಥೆ ಕೇಳುವುದು ಅವನ ಮನಸ್ಸಿನ ದನಿಯಲ್ಲಿ.) ನನಗೂ ಮೊದಲ ಸಲ ಹಾಗೇ ಆಗಿತ್ತು. ಯಾಕೆ ಅಂತ ಗೊತ್ತಾಗಲು ಎರಡನೇ ಸಲ ನೋಡಬೇಕಾಯಿತು.

ನಾನು ಕಾಸರಗೋಡಿನವಳು, ಬದಿಯಡ್ಕದ ಹತ್ತಿರ. ನಮ್ಮೂರಿನಲ್ಲಿ ಒಬ್ಬರನ್ನು ಹೇಗೆ ಕರೆಯುತ್ತೇವೆ ಅನ್ನುವುದು ದೊಡ್ಡ ವಿಷಯ. ಕನ್ನಡದಲ್ಲಿ ನೀನು, ನೀವು. ತುಳುವಿನಲ್ಲಿ ಈ, ಈರ್. ಮಲಯಾಳದಲ್ಲಿ ನೀ, ನಿಙ್ಙಳ್. ಒಂದೇ ಬಸ್ಸಿನಲ್ಲಿ ಈ ಮೂರೂ ಭಾಷೆ ಓಡಾಡುತ್ತವೆ. ಯಾವ ಭಾಷೆಯಾದರೂ ಗುರುತಿಲ್ಲದ ಹೆಂಗಸಿಗೆ ಬಹುವಚನವೇ. ಏಕವಚನಕ್ಕೆ ಇಳಿಯಬೇಕಾದರೆ ಸಲಿಗೆ ಬೇಕು, ಆ ಸಲಿಗೆಯನ್ನು ಎದುರಿನವರು ಕೊಡಬೇಕು.

ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಈ ಸೀರೀಸ್‌ನ ಹೆಸರೂ ಅದೇ. ಹಾಗಾಗಿ ಅಲ್ಲಿನವರ ಕಿವಿಗೆ ಬೀಳದ ಒಂದು ಸಂಗತಿ ನಮ್ಮ ಕಿವಿಗೆ ಬೀಳುತ್ತದೆ. ಮೊದಲ ದೃಶ್ಯ ನೆನಪು ಮಾಡಿಕೊಳ್ಳಿ. ನ್ಯೂಯಾರ್ಕಿನ ಪುಸ್ತಕದಂಗಡಿ. ಬೆಕ್ ಬಾಗಿಲು ತೆಗೆದು ಒಳಗೆ ಬರುತ್ತಾಳೆ. ಜೋ ಬಾಯಿಬಿಟ್ಟು ಆಡುವ ಮಾತೆಲ್ಲ ಅಂಗಡಿಯವನು ಗಿರಾಕಿಗೆ ಆಡುವ ಮಾತು. ಕನ್ನಡಕ್ಕೆ ತಂದರೆ ಅದು ‘ನೀವು’ ಆಗಬೇಕು. ಆದರೆ ಮನಸ್ಸಿನೊಳಗೆ ಅವನು ಆಗಲೇ ಅವಳ ಹತ್ತಿರ ಮಾತಾಡಲು ಶುರು ಮಾಡಿರುತ್ತಾನೆ. ಯಾರು ನೀನು, ಯಾಕೆ ಈ ಬಟ್ಟೆ, ಯಾಕೆ ಈ ಬಳೆ. ಅದು ಶುದ್ಧ ‘ನೀನು’. ಅವಳು ಬಂದು ಅರ್ಧ ನಿಮಿಷ ಆಗಿಲ್ಲ, ಹೆಸರೂ ಹೇಳಿಲ್ಲ. ಇಡೀ ಕಥೆಯ ಮೊದಲ ಅತಿಕ್ರಮಣ ಅದೇ. ಮನೆಗೆ ನುಗ್ಗುವುದು, ಫೋನ್ ಇಟ್ಟುಕೊಳ್ಳುವುದು, ಕಡೆಗೆ ಗಾಜಿನ ಕೋಣೆಯಲ್ಲಿ ಕೂಡಿಹಾಕುವುದು, ಎಲ್ಲ ಆಮೇಲೆ.

ಅದು ನಮಗೆ ತಪ್ಪು ಅನ್ನಿಸುವುದಿಲ್ಲ. ಯಾಕೆಂದರೆ ನಾವು ಅವನ ತಲೆಯೊಳಗೇ ಕೂತಿರುತ್ತೇವೆ. ದನಿ ಮೆತ್ತಗಿದೆ, ಓದಿದವನ ಮಾತು, ಚಂದದ ಮಾತು. ಅವಳು ಕಾರ್ಡ್ ಕೊಟ್ಟು ದುಡ್ಡು ಕೊಡುತ್ತಾಳೆ. ‘ಕೈಯಲ್ಲಿ ನೋಟು ಇದ್ದೂ ಕಾರ್ಡ್ ಕೊಟ್ಟೆ, ನನಗೆ ನಿನ್ನ ಹೆಸರು ಗೊತ್ತಾಗಲಿ ಅಂತ ತಾನೇ’ ಅಂತ ಅವನು ಲೆಕ್ಕ ಹಾಕುತ್ತಾನೆ. ನಾವು ಹೌದು ಅಂತ ತಲೆಯಾಡಿಸುತ್ತೇವೆ. ಜನ ದಿನಾ ಕಾರ್ಡ್ ಕೊಡುತ್ತಾರೆ, ಅಲ್ವಾ?

ಇಲ್ಲಿ ನನ್ನದೊಂದು ವಿಷಯ ಹೇಳಲೇಬೇಕು. ನಾನು ಡಿಗ್ರಿ ಓದುವಾಗ ಚೆರ್ಕಳದ ಮೇಲೆ ಕಾಸರಗೋಡಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸ್ಸು ಹತ್ತುವ ಕಡೆ ಒಂದು ಸಣ್ಣ ಅಂಗಡಿ ಇತ್ತು. ಆಗ ಫೋನಿಗೆ ರೀಚಾರ್ಜ್ ಮಾಡಿಸಬೇಕಾದರೆ ಅಂಗಡಿಗೇ ಹೋಗಬೇಕು. ಮೇಜಿನ ಮೇಲೆ ಉದ್ದನೆಯ ನೋಟ್‌ಬುಕ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ನಂಬರು ಬರೆಯಬೇಕು, ಪಕ್ಕದಲ್ಲಿ 30 ಅಂತ ಬರೆಯಬೇಕು. ನನ್ನ ಮೇಲೆ ಯಾರದೋ ನಂಬರು, ಕೆಳಗೆ ಇನ್ಯಾರದೋ. ಆ ಪುಸ್ತಕ ಯಾವಾಗಲೂ ತೆರೆದೇ ಇರುತ್ತಿತ್ತು.

ಒಂದು ರಾತ್ರಿ ಮೆಸೇಜ್ ಬಂತು. ಇವತ್ತಿನ ಹಸಿರು ಚೂಡಿದಾರ ಚಂದ ಇತ್ತು ಅಂತ. ಮಾರನೇ ದಿನ, ಯಾಕೆ ಬೆಳಗ್ಗಿನ ಬಸ್ಸಿಗೆ ಬರಲಿಲ್ಲ ಅಂತ. ಒಂದು ಕೆಟ್ಟ ಮಾತಿಲ್ಲ. ಹುಷಾರಿದ್ದೀಯಾ, ಊಟ ಆಯ್ತಾ, ಮಳೆಗೆ ಕೊಡೆ ತಾ. ಎಲ್ಲ ‘ನೀನು’. ಕಳಿಸುವವನು ಯಾರು ಅಂತ ನನಗೆ ಗೊತ್ತಿಲ್ಲ, ಅವನಿಗೆ ನನ್ನ ಬಸ್ಸಿನ ಹೊತ್ತೂ ಗೊತ್ತು. ಬಸ್ ಸ್ಟ್ಯಾಂಡಿನಲ್ಲಿ ನಿಂತ ಪ್ರತಿಯೊಬ್ಬನ ಮುಖ ನೋಡುವಾಗ ಇವನಾ, ಇವನಾ ಅಂತ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು. ಹಸಿರು ಚೂಡಿದಾರವನ್ನು ಮತ್ತೆ ಹಾಕಲೇ ಇಲ್ಲ. ಅಮ್ಮ ಹೊಲಿಸಿ ಕೊಟ್ಟದ್ದು ಅದು.

ಗೆಳತಿಯರಿಗೆ ಹೇಳಿದರೆ, “ಪಾಪ ಮಾರಾಯ್ತಿ, ಎಷ್ಟು ಕಾಳಜಿ ಅವನಿಗೆ” ಅಂದರು. ನಿಮ್ಮ ಗೆಳತಿಯ ಮಾತು ಓದಿದಾಗ ನನಗೆ ನೆನಪಾದದ್ದು ಅದು. ಅವರು ಕೆಟ್ಟವರಲ್ಲ. ಅವರು ಮೆಸೇಜ್ ಓದಿದರು, ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತೆ, ಅಷ್ಟೇ ವ್ಯತ್ಯಾಸ. ಕೊನೆಗೆ ಅಮ್ಮನಿಗೆ ಹೇಳಿದೆ. ಅಮ್ಮ ಬೈಯಲಿಲ್ಲ, ಕಾಲೇಜು ಬಿಡಿಸಲಿಲ್ಲ. ಒಂದು ವಾರ ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ಬಂದು ನಿಂತರು. ಆ ಅಂಗಡಿಗೆ ಹೋಗಿ ಪುಸ್ತಕ ಒಳಗಿಡಲು ಹೇಳಿದರು. ಸಿಮ್ ಬದಲಾಯಿಸಿದೆವು. ಅಲ್ಲಿಗೆ ನಿಂತಿತು.

ಈಗ ಎಪಿಸೋಡ್‌ಗೆ ಬನ್ನಿ. ಅದೇ ಕಥೆಯನ್ನು ಜೋನ ದನಿ ತೆಗೆದುಹಾಕಿ, ಬೆಕ್ ಕಡೆಯಿಂದ ಹೇಳಿ ನೋಡೋಣ. ನಾನು ಒಂದು ದಿನ ಪುಸ್ತಕದಂಗಡಿಗೆ ಹೋದೆ. ಅಂಗಡಿಯ ಹುಡುಗ ಚೆನ್ನಾಗಿ ಮಾತಾಡಿದ. ಪುಸ್ತಕ ತಗೊಂಡು ಬಂದೆ. ಕೆಲವು ದಿನ ಆದ ಮೇಲೆ ಒಂದು ರಾತ್ರಿ ಕುಡಿದಿದ್ದೆ, ರೈಲು ಹಳಿಯ ಮೇಲೆ ಬಿದ್ದೆ. ಯಾರೋ ಕೈ ಹಿಡಿದು ಎಳೆದರು, ನೋಡಿದರೆ ಅದೇ ಹುಡುಗ. ಎಂಥ ಅದೃಷ್ಟ ಅಂದುಕೊಂಡೆ.

ಇಷ್ಟೇ. ಅವಳಿಗೆ ಗೊತ್ತಿರುವುದು ಇಷ್ಟೇ. ಅವನು ಅವಳ ಹೆಸರು ಹಾಕಿ ಇಂಟರ್ನೆಟ್ಟಿನಲ್ಲಿ ಮನೆ ವಿಳಾಸದವರೆಗೆ ಹುಡುಕಿದ್ದು, ಪರದೆಯಿಲ್ಲದ ಕಿಟಕಿಯ ಎದುರು ನಿಂತದ್ದು, ಗ್ಯಾಸ್ ಸೋರುತ್ತಿದೆ ಅನ್ನುವ ನೆಪದಲ್ಲಿ ಮನೆಯೊಳಗೆ ಹೋದದ್ದು, ಅವಳು ಬಂದಾಗ ಬಚ್ಚಲಲ್ಲಿ ಅಡಗಿದ್ದು, ಯಾವುದೂ ಅವಳಿಗೆ ಗೊತ್ತಿಲ್ಲ. ಆ ಬಚ್ಚಲ ದೃಶ್ಯದಲ್ಲೇ ಅಲ್ವಾ ನಿಮಗೂ ‘ಸಿಕ್ಕಿಬೀಳಬಾರದು’ ಅನ್ನಿಸಿದ್ದು? ಯಾರಾದರೂ ಅಡಗಿ ಕೂತಿದ್ದರೆ, ನಾವು ಅವರ ಜೊತೆ ಇದ್ದರೆ, ನಮ್ಮ ಉಸಿರೂ ಹಿಡಿಯುತ್ತದೆ. ಕ್ಯಾಮೆರಾ ಬೆಕ್ ಜೊತೆ ಬಾಗಿಲಿನಿಂದ ಒಳಗೆ ಬಂದಿದ್ದರೆ ನೀವು ಕಿರುಚುತ್ತಿದ್ದಿರಿ.

ಇನ್ನೊಂದು ಜಾಣತನವನ್ನೂ ಗಮನಿಸಿ. ಜೋನ ಪಕ್ಕದ ಮನೆಯಲ್ಲಿ ಪಾಕೋ ಅನ್ನುವ ಸಣ್ಣ ಹುಡುಗ ಇದ್ದಾನೆ. ಮನೆಯಲ್ಲಿ ಜಗಳ ಆದಾಗ ಮೆಟ್ಟಿಲ ಮೇಲೆ ಕೂತು ಓದುತ್ತಾನೆ. ಜೋ ಅವನಿಗೆ ಪುಸ್ತಕ ಕೊಡುತ್ತಾನೆ. ಆ ಪ್ರೀತಿ ಸುಳ್ಳಲ್ಲ, ನಿಜವಾದದ್ದೇ. ಆದ್ದರಿಂದಲೇ ನಾವು ಸೋಲುತ್ತೇವೆ. ಮಗುವಿಗೆ ಒಳ್ಳೆಯವನು ಎಲ್ಲರಿಗೂ ಒಳ್ಳೆಯವನು ಅಂತ ನಮ್ಮ ಮನಸ್ಸು ತಾನಾಗಿ ತೀರ್ಮಾನ ಮಾಡುತ್ತದೆ. ಬೆಕ್‌ನ ಹುಡುಗ ಬೆಂಜಿಯನ್ನು ಮಾತ್ರ ಸಹಿಸಲಾಗದ ಹಾಗೆ ತೋರಿಸಿದ್ದಾರೆ. ಅವನ ತಲೆಗೆ ಏಟು ಬಿದ್ದಾಗ ನಮಗೆ ಬೇಕಾದಷ್ಟು ಸಂಕಟ ಆಗುವುದಿಲ್ಲ.

ಇದನ್ನೆಲ್ಲ ನೋಡುವಾಗ ನನಗೆ ಕೀಚಕ ನೆನಪಾದ. ನಮ್ಮ ಕುಂಬಳೆ ಸೀಮೆಯವರಿಗೆ ಯಕ್ಷಗಾನ ಬಿಟ್ಟು ಯೋಚನೆ ಮಾಡಲು ಬರುವುದಿಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು. ಸಣ್ಣವಳಿದ್ದಾಗ ಅಜ್ಜಿಯ ಜೊತೆ ‘ಕೀಚಕ ವಧೆ’ ನೋಡಲು ಹೋಗಿದ್ದೆ. ಕೀಚಕ ಬರುವಾಗ ಚೆಂಡೆ, ಶೃಂಗಾರದ ಪದ, ಕುಣಿತ. ಸೈರಂಧ್ರಿಯನ್ನು ನೋಡಿ ಅವನು ಹೊಗಳುವ ಮಾತಿಗೆ ಗದ್ದೆಯಲ್ಲಿ ಕೂತ ಜನ ಎಲ್ಲ ನಗಾಡಿದರು, ನಾನೂ ನಗಾಡಿದೆ. ಅವಳು ಬೇಡ ಅಂತ ಹೇಳಿದ್ದು ಯಾರಿಗೂ ಕೇಳಲೇ ಇಲ್ಲ. ಅಕ್ಕ ಸುದೇಷ್ಣೆಯೇ ಮದ್ಯ ತರಲು ಅಂತ ಅವಳನ್ನು ಅವನ ಮನೆಗೆ ಕಳಿಸುತ್ತಾಳೆ. ಆಮೇಲೆ ವಿರಾಟನ ಸಭೆಯಲ್ಲಿ, ಎಲ್ಲರೂ ನೋಡುತ್ತಿರುವಾಗ, ಅವನು ಅವಳನ್ನು ಒದೆಯುತ್ತಾನೆ. ಗದ್ದೆ ಪೂರ್ತಿ ಸುಮ್ಮನಾಯಿತು. ಅಜ್ಜಿ ನನ್ನ ಕಿವಿಯಲ್ಲಿ, “ಈಗ ಯಾರೂ ನಗಾಡುವುದಿಲ್ಲ ನೋಡು” ಅಂದರು.

ಒಳ್ಳೆಯ ಕಥೆ ಮೊದಲು ನಮ್ಮನ್ನು ನಗಿಸಿ ಅವನ ಪಕ್ಕ ಕೂರಿಸುತ್ತದೆ, ಆಮೇಲೆ ಆ ಒದೆ ತೋರಿಸುತ್ತದೆ. ‘ಯೂ’ ಆ ಒದೆಯನ್ನು ತೋರಿಸಲು ತುಂಬಾ ಹೊತ್ತು ತಗೊಳ್ಳುತ್ತದೆ. ಅದೇ ಅದರ ಬಲ, ಅಪಾಯವೂ ಅಲ್ಲೇ. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೈಫ್‌ಟೈಮ್ ಚಾನೆಲ್‌ನಲ್ಲಿ ಬಂದಾಗ ಇದು ಹೆಚ್ಚು ಸುದ್ದಿಯಾಗಲಿಲ್ಲ. ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಮೇಲೆ ಲೋಕವೆಲ್ಲ ನೋಡಿತು. ಆಗ ನಿಮ್ಮ ಗೆಳತಿಯ ಹಾಗೇ ಎಷ್ಟೋ ಜನ ಜೋನ ಮೇಲೆ ಪ್ರೀತಿ ತೋರಿಸಿ ಬರೆದರು. ಅವನು ಕೊಲೆಗಾರ ಅಂತ ನೆನಪಿಸಿದ್ದು ಯಾರು ಗೊತ್ತಾ? ಜೋನ ಪಾತ್ರ ಮಾಡಿದ ಪೆನ್ ಬ್ಯಾಜ್ಲಿಯೇ, ಟ್ವಿಟರ್‌ನಲ್ಲಿ. ಆ ಪಾತ್ರವನ್ನು ಒಳಗಿನಿಂದ ಬಲ್ಲವನು ಆಡಿದ ಮಾತು ಅದು. ನನಗೆ ಅವನ ಮೇಲೆ ತುಂಬಾ ಗೌರವ ಬಂತು.

ಕಾನೂನಿನ ಮಾತನ್ನೂ ಒಂದು ಸಾಲು ಹೇಳುತ್ತೇನೆ, ಯಾಕೆಂದರೆ ಇದನ್ನು ಓದುವ ಯಾರೋ ಒಬ್ಬಳಿಗೆ ಈಗ ಬೇಕಾಗಿರಬಹುದು. ನಾನು ಡಿಗ್ರಿ ಓದುವ ಕಾಲಕ್ಕೆ ಇದಕ್ಕೆ ಅಂತಲೇ ಒಂದು ಸೆಕ್ಷನ್ ಇರಲಿಲ್ಲ. 2013ರಲ್ಲಿ ಭಾರತೀಯ ದಂಡ ಸಂಹಿತೆಗೆ 354ಡಿ ಸೆಕ್ಷನ್ ಬಂತು. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಸೆಕ್ಷನ್. ಹೆಣ್ಣು ಬೇಡ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಹಿಂದೆ ಬೀಳುವುದು, ಮತ್ತೆ ಮತ್ತೆ ಸಂಪರ್ಕ ಮಾಡುವುದು, ಅವಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು, ಎಲ್ಲವೂ ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು. ಸಹಾಯಕ್ಕೆ 112 ಅಥವಾ 181ಕ್ಕೆ ಫೋನ್ ಮಾಡಬಹುದು. ಮೆಸೇಜ್ ಅಳಿಸಬೇಡಿ. ನಾನು ಸಿಟ್ಟಿನಲ್ಲಿ ಎಲ್ಲವನ್ನೂ ಅಳಿಸಿಬಿಟ್ಟಿದ್ದೆ.

ಮುಂದೆ ನೋಡುವಾಗ ಒಂದು ಕೆಲಸ ಮಾಡಿ. ಜೋನ ದನಿ ಬಂದಾಗೆಲ್ಲ, ಇದನ್ನು ಬೆಕ್ ಹೇಳಿದಳಾ, ಅಥವಾ ಇವನೇ ಹೇಳಿಕೊಂಡನಾ ಅಂತ ಕೇಳಿಕೊಳ್ಳಿ. ನಾಲ್ಕನೇ ಎಪಿಸೋಡ್‌ನಲ್ಲಿ ಬೆಕ್‌ನ ದನಿಯೂ ಕೇಳುತ್ತದೆ. ಅಲ್ಲಿಗೆ ಬಂದಾಗ ನಿಮಗೆ ಕಿಟಕಿ ತೆಗೆದ ಹಾಗೆ ಆಗುತ್ತದೆ. ಗೆಳತಿಯನ್ನೂ ಜೊತೆಗೆ ಕೂರಿಸಿಕೊಳ್ಳಿ, ಅವಳಿಗೆ ಬೈಯಬೇಡಿ. ಮೊದಲ ಎಪಿಸೋಡ್‌ನ ಕಥೆಯನ್ನು ಬೆಕ್ ಆಗಿ ಹೇಳು ಅಂತ ಅವಳನ್ನೇ ಕೇಳಿ. ಬಚ್ಚಲ ದೃಶ್ಯಕ್ಕೆ ಬಂದಾಗ ಅವಳು ಏನು ಹೇಳುತ್ತಾಳೆ ಅಂತ ಕೇಳಲು ನನಗೂ ಆಸೆ ಇದೆ. ಸಾಧ್ಯವಾದರೆ ಇಲ್ಲಿ ಬಂದು ಬರೆಯಿರಿ.