ಅಪ್ಪ ಅಮ್ಮನ ಜೊತೆ ಡಿಂಗಲ್‌ನಲ್ಲಿ ಎರಡು ದಿನ: ಏನು ನೋಡಬಹುದು, ಎಲ್ಲಿ ನಡೆಯಬಹುದು?

ಜೂನ್‌ನಲ್ಲಿ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ, ಅವರನ್ನು ಐರ್ಲೆಂಡಿನ ಡಿಂಗಲ್‌ಗೆ ಕರೆದೊಯ್ಯಬೇಕು, ನಡುವೆ ನಿಮಗೂ ಒಂದು ಬೆಟ್ಟ ಹತ್ತುವ ಆಸೆ ಎಂದು ಬರೆದಿದ್ದೀರಿ. ನಾನು ಡಬ್ಲಿನ್‌ನಲ್ಲಿ ಇರುವವನು, ಅಲ್ಲಿಗೆ ಮೂರು ಸಲ ಹೋಗಿದ್ದೇನೆ. ಮೊದಲ ಸಲ ಎದುರಿನ ದ್ವೀಪಕ್ಕೆ ಹೋಗುವ ದೋಣಿಯ ಟಿಕೆಟನ್ನು ಕೊನೆಯ ದಿನಕ್ಕೆ ತೆಗೆದಿಟ್ಟಿದ್ದೆ. ಅಂದು ಸಮುದ್ರ ಕೆರಳಿತ್ತು, ದೋಣಿ ಹೊರಡಲಿಲ್ಲ, ಮರುದಿನ ಕಚೇರಿ. ಆದ್ದರಿಂದ ಮೊದಲ ಮಾತು: ಸಮುದ್ರದ ಕೆಲಸವನ್ನು ಮೊದಲ ದಿನಕ್ಕೆ ಇಟ್ಟುಕೊಳ್ಳಿ. ತಪ್ಪಿದರೆ ಇನ್ನೊಂದು ದಿನ ಕೈಯಲ್ಲಿರುತ್ತದೆ.

ದಾರಿಯಲ್ಲಿ ಒಂದು ಗೊಂದಲವಾಗುತ್ತದೆ. ಇದು ಐರಿಷ್ ಭಾಷೆಯ ಪ್ರದೇಶವಾದ್ದರಿಂದ ಫಲಕಗಳಲ್ಲಿ ‘ಅನ್ ಡಂಗಿನ್’ ಎಂದಿದ್ದರೆ ಅದೇ ಡಿಂಗಲ್. 2005ರಲ್ಲಿ ಸರ್ಕಾರ ಇಂಗ್ಲಿಷ್ ಹೆಸರನ್ನು ಫಲಕಗಳಿಂದ ತೆಗೆಸಿತು. ಪ್ರವಾಸಿಗರನ್ನು ನಂಬಿ ಬದುಕುವ ಊರಿನವರು ಸಿಟ್ಟಾದರು, ಮರುವರ್ಷ ಮತ ಹಾಕಿ ಎರಡೂ ಹೆಸರು ಬೇಕೆಂದರು. ನಾಮಫಲಕದ ಜಗಳಗಳನ್ನು ನೋಡಿಯೇ ಬೆಳೆದ ನಮಗೆ ಇದು ಹೊಸದಲ್ಲ, ಆದರೆ ಇಲ್ಲಿ ತಮ್ಮ ಭಾಷೆಯ ಜೊತೆಗೆ ಇಂಗ್ಲಿಷ್ ಕೂಡ ಇರಲಿ ಎಂದು ಹಟ ಹಿಡಿದವರು ಊರಿನವರೇ! ಅಪ್ಪನಿಗೆ ಮುಂಚೆಯೇ ಹೇಳಿಬಿಡಿ: ಶೌಚಾಲಯದ ಬಾಗಿಲ ಮೇಲೆ ‘ಮ್ನಾ’ ಎಂದಿದ್ದರೆ ಹೆಂಗಸರದು, ‘ಫಿರ್’ ಎಂದಿದ್ದರೆ ಗಂಡಸರದು. ‘ಎಂ’ ಎಂದರೆ ಮೆನ್, ‘ಎಫ್’ ಎಂದರೆ ಫೀಮೇಲ್ ಎಂದು ಇಂಗ್ಲಿಷಿನ ಮೊದಲ ಅಕ್ಷರ ನೋಡಿ ಒಳಗೆ ಹೋದರೆ ಎಡವಟ್ಟು.

ಪಟ್ಟಣ ಚಿಕ್ಕದು, ಅರ್ಧ ದಿನ ಸಾಕು. ಬಂದರಿನ ಬಳಿ ಒಂದು ಡಾಲ್ಫಿನ್‌ನ ಕಂಚಿನ ಪ್ರತಿಮೆ ಇದೆ. ಫಂಗಿ ಎಂಬ ಆ ಡಾಲ್ಫಿನ್ 1983ರಿಂದ 2020ರ ತನಕ ಒಂಟಿಯಾಗಿ ಇದೇ ಬಂದರಿನಲ್ಲಿತ್ತು, ಆಮೇಲೆ ಯಾರಿಗೂ ಕಾಣಲಿಲ್ಲ. ಮೀನು ತಿನ್ನದವರು ಊಟಕ್ಕೆ ಸ್ವಲ್ಪ ಹುಡುಕಬೇಕು. ಇಲ್ಲಿಯ ಸಮುದ್ರದ ನೀರಿನಿಂದಲೇ ತೆಗೆದ ಉಪ್ಪು ಹಾಕಿದ ಐಸ್‌ಕ್ರೀಮನ್ನು ಮಾತ್ರ ಬಿಡಬೇಡಿ. ಉಪ್ಪೇ ಎಂದು ಮುಖ ಸಿಂಡರಿಸಿದ ನನ್ನ ಅಮ್ಮ ಎರಡನೆಯದನ್ನೂ ಕೇಳಿದರು.

ನಿಜವಾದ ಸಂಪತ್ತು ಇರುವುದು ಪಟ್ಟಣದ ಪಶ್ಚಿಮಕ್ಕೆ, ಸ್ಲೇ ಹೆಡ್ ಎಂಬ ಕಡಲಿಗೆ ಚಾಚಿದ ಭೂಶಿರವನ್ನು ಸುತ್ತಿ ಬರುವ ರಸ್ತೆಯಲ್ಲಿ. ಸುಮಾರು 47 ಕಿಲೋಮೀಟರ್. ಒಂದೂವರೆ ಗಂಟೆಯ ದಾರಿ ಎಂದು ಮೊಬೈಲ್ ಹೇಳಿದರೆ ನಂಬಬೇಡಿ, ಇಡೀ ದಿನ ಕೊಡಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಹೋಗಿ. ದೊಡ್ಡ ಬಸ್ಸುಗಳೂ ಹಾಗೆಯೇ ಹೋಗುತ್ತವೆ. ಆ ಕಿರಿದಾದ ರಸ್ತೆಯಲ್ಲಿ ಎದುರಾಬದುರಾದರೆ ಹಿಂದೆ ಸರಿಯಬೇಕಾದವರು ನೀವೇ. ದಾರಿಯಲ್ಲಿ ಗಾರೆಯಿಲ್ಲದೆ ಕಲ್ಲು ಪೇರಿಸಿ ಕಟ್ಟಿದ, ಜೇನುಗೂಡಿನಂಥ ಹಳೆಯ ಗುಡಿಸಲುಗಳಿವೆ. ಖಾಸಗಿ ಜಮೀನು, ಸಣ್ಣ ಶುಲ್ಕ ಕೊಡಬೇಕು. ಕೂಮಿನೂಲ್ ಕಡಲತೀರ ನೋಡಲು ಸುಂದರ, ಆದರೆ ಸೆಳೆತ ಅಪಾಯಕಾರಿ, ನೀರಿಗಿಳಿಯಬೇಡಿ. ಕಾಲು ನೆನೆಸುವ ಆಸೆಗೆ ವೆಂಟ್ರಿಯ ಶಾಂತ ಮರಳು ಇದೆ.

ಅಲ್ಲಿಂದ ಮುಂದೆ ಡನ್‌ಕ್ವಿನ್. ಎದುರಿಗೆ ಕಾಣುವುದು ಗ್ರೇಟ್ ಬ್ಲಾಸ್ಕೆಟ್ ದ್ವೀಪ. 1953ರ ನವೆಂಬರ್‌ನಲ್ಲಿ ಅಲ್ಲಿ ಉಳಿದಿದ್ದ ಇಪ್ಪತ್ತು ಚಿಲ್ಲರೆ ಜನರನ್ನು ಸರ್ಕಾರ ಈಚೆ ದಡಕ್ಕೆ ತಂದಿತು. ಯುವಕರು ಅಮೆರಿಕಕ್ಕೆ ಹೋಗಿದ್ದರು, ಉಳಿದವರಿಗೆ ವಯಸ್ಸಾಗಿತ್ತು. ಚಳಿಗಾಲದಲ್ಲಿ ಕಡಲು ಉಕ್ಕಿದರೆ ವೈದ್ಯರೂ ತಲುಪುವಂತಿರಲಿಲ್ಲ. ಇಷ್ಟು ಸಣ್ಣ ದ್ವೀಪದ ಮೀನುಗಾರರು, ರೈತರು ತಮ್ಮ ಬದುಕನ್ನು ಐರಿಷ್‌ನಲ್ಲಿ ಬರೆದಿಟ್ಟು ಹೋಗಿದ್ದಾರೆ. ಪೆಗ್ ಸೇಯರ್ಸ್ ಎಂಬಾಕೆ ಬಾಯಲ್ಲಿ ಹೇಳಿದ್ದನ್ನು ಆಕೆಯ ಮಗ ಬರೆದುಕೊಂಡ. ಪಾಳು ಮನೆಗಳ ನಡುವೆ ನಡೆದು, ಬಿಳಿ ಮರಳಿನ ಮೇಲೆ ಬಿದ್ದುಕೊಂಡ ಬೂದು ಸೀಲ್‌ಗಳನ್ನು ದೂರದಿಂದ ನೋಡಿ ಬರಬಹುದು. ಆದರೆ ಡನ್‌ಕ್ವಿನ್‌ನಲ್ಲಿ ದೋಣಿಗೆ ಇಳಿಯುವ ಹಾದಿ ಹಾವಿನಂತೆ ಸುತ್ತುವ ಕಡಿದಾದ ಇಳಿಜಾರು, ದ್ವೀಪದ ಬಳಿ ಸಣ್ಣ ದೋಣಿಗೆ ದಾಟಿಕೊಳ್ಳಬೇಕು. ಅಪ್ಪ ಅಮ್ಮನ ಮಂಡಿ ನೋಡಿಕೊಂಡು ನಿರ್ಧರಿಸಿ. ಆಗದಿದ್ದರೆ ಡನ್‌ಕ್ವಿನ್‌ನಲ್ಲೇ ಇರುವ ಬ್ಲಾಸ್ಕೆಟ್ ಕೇಂದ್ರ ಸಾಕು. ಅಲ್ಲಿಯ ದೊಡ್ಡ ಕಿಟಕಿಯ ತುಂಬ ದ್ವೀಪವೇ ಇದೆ. ನನ್ನ ಅಪ್ಪ ಆ ಕಿಟಕಿಯ ಮುಂದೆ ಕುಳಿತವರು ಮುಕ್ಕಾಲು ಗಂಟೆ ಏಳಲಿಲ್ಲ.

ಮರಳುವಾಗ ಗ್ಯಾಲರಸ್ ಪ್ರಾರ್ಥನಾಗೃಹ ಸಿಗುತ್ತದೆ. ಬೋರಲು ಹಾಕಿದ ದೋಣಿಯ ಆಕಾರ, ಗಾರೆಯಿಲ್ಲದ ಬರೀ ಕಲ್ಲು. ಮಳೆ ಬರುವಾಗ ಒಳಗೆ ನಿಂತರೆ ಅದರ ಬೆಲೆ ಗೊತ್ತಾಗುತ್ತದೆ.

ಇನ್ನು ನಿಮ್ಮ ಬೆಟ್ಟ. ಬ್ರ್ಯಾಂಡನ್ 952 ಮೀಟರ್, ಪಶ್ಚಿಮ ಬದಿಯ ಬಾಲಿಬ್ರ್ಯಾಕ್‌ನಿಂದ ಯಾತ್ರಿಕರ ಹಾದಿ ಇದೆ, ಉದ್ದಕ್ಕೂ ಶಿಲುಬೆಗಳು. ನಾನು ಎರಡು ಸಲ ಹೊರಟೆ, ಒಮ್ಮೆ ಮಾತ್ರ ತುದಿ ಮುಟ್ಟಿದೆ. ಮೋಡ ತಲೆಯ ಮೇಲೆ ಕುಳಿತಿದ್ದರೆ ಹಟ ಬೇಡ, ಅಂದು ಪಟ್ಟಣದ ಪಕ್ಕದ ಈಸ್ಕ್ ಗೋಪುರಕ್ಕೆ ಹೋಗಿ. ಮಹಾ ಕ್ಷಾಮದ ಕಾಲದಲ್ಲಿ, 1847ರಲ್ಲಿ, ಹಸಿದವರಿಗೆ ಕೂಲಿ ಕೊಡಲೆಂದು ಕಟ್ಟಿಸಿದ ಗೋಪುರ ಅದು. ಮೇಲಿನಿಂದ ಇಡೀ ಬಂದರು ಅಂಗೈಯಲ್ಲಿಟ್ಟಂತೆ ಕಾಣುತ್ತದೆ.

ಜೂನ್‌ನಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತದೆ, ಆತುರ ಬೇಕಿಲ್ಲ. ಮಳೆಯ ಜಾಕೆಟ್ ಎಲ್ಲರಿಗೂ ಇರಲಿ. ಛತ್ರಿ ಮಾತ್ರ ತರಬೇಡಿ; ನನ್ನದು ಸ್ಲೇ ಹೆಡ್‌ನ ಗಾಳಿಗೆ ಎರಡು ನಿಮಿಷ ಕೂಡ ತಡೆಯಲಿಲ್ಲ.