ಅತ್ತೆ ಬೇಡ ಎನ್ನುವ ಮಾತ್ರೆ

ಪ್ರಶ್ನೆ: ಮೊದಲ ಬಸಿರಲ್ಲಿ ಬಿಪಿ ಏರಿ, 33ನೇ ವಾರಕ್ಕೇ ಹೆರಿಗೆಯಾಯಿತು. ಈಗ ಮತ್ತೆ 12 ವಾರ. ಡಾಕ್ಟರು ಆಸ್ಪಿರಿನ್ ಬರೆದಿದ್ದಾರೆ. ರಕ್ತ ನೀರಾಗುತ್ತದೆ, ಬೇಡ ಎನ್ನುತ್ತಾರೆ ಅತ್ತೆ. ಏನು ಮಾಡಲಿ?
– ಓದುಗರು, ಮೂಡಿಗೆರೆ

ಉತ್ತರ: ನುಂಗಿ ತಾಯಿ, ನಿಲ್ಲಿಸಬೇಡಿ. ಅತ್ತೆಯವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನದಲ್ಲಿ ಅಪಾಯ ಜಾಸ್ತಿ ಇದ್ದ 1,776 ಗರ್ಭಿಣಿಯರು ಸೇರಿದ್ದರು. ಕೆಲವರಿಗೆ ದಿನಾ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ. 37 ವಾರದೊಳಗೆ ಹೆರಿಗೆ ಆಗಿಸುವ ಪ್ರೀಕ್ಲಾಂಪ್ಸಿಯಾ (ಬಸಿರಲ್ಲಿ ಬಿಪಿ ಏರಿ ತಾಯಿ, ಮಗು ಇಬ್ಬರಿಗೂ ಅಪಾಯ ತರುವ ಕಾಯಿಲೆ) ಆಸ್ಪಿರಿನ್ ನುಂಗಿದವರಲ್ಲಿ ಶೇ. 1.6, ಉಳಿದವರಲ್ಲಿ ಶೇ. 4.3. ದೊಡ್ಡ ವ್ಯತ್ಯಾಸ, ಅಲ್ವಾ? 16 ವಾರದೊಳಗೆ ಶುರು ಮಾಡಿದರೇ ಲಾಭ ಜಾಸ್ತಿ. ಎಷ್ಟು, ಎಲ್ಲಿಯವರೆಗೆ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಲಿ.

ಹಾಸನದಲ್ಲಿ ಹೆರಿಗೆ ಮಾಡಿಸುವವಳು ನಾನು. ಮಳೆಗಾಲದ ರಾತ್ರಿ ತಡವಾಗಿ ಬಂದವರನ್ನು ನೆನೆದರೆ ಈಗಲೂ ಎದೆ ಹಿಂಡುತ್ತದೆ. ತಲೆ ಸಿಡಿದರೆ, ಕಣ್ಣು ಮಂಜಾದರೆ, ಪಕ್ಕೆಯ ಕೆಳಗೆ ನೋವಾದರೆ ಬೆಳಗಾಗಲಿ ಎಂದು ಕಾಯಬೇಡಿ.